ದತ್ತು ಮಗುವನ್ನು ದೂರದ ರಾಜ್ಯದಿಂದ ದಾವಣಗೆರೆಗೆ ಕರೆತರುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮಗಳನ್ನು ಒಡಿಶಾದಿಂದ ಕರೆತಂದಾಗ ಅವಳಿಗೆ ಎರಡು ವರ್ಷ ಮೂರು ತಿಂಗಳು. ಅಲ್ಲಿಯವರೆಗೆ ನಮಗೆ ಬುದ್ಧಿ ಹೇಳುವವರಿಗೇನೂ ಬರವಿರಲಿಲ್ಲ. ನೋಂದಣಿ ಹೇಗೆ, ಮನೆ ನೋಡಲು ಬಂದವರು ಏನೇನು ಕೇಳುತ್ತಾರೆ, ಎಷ್ಟು ವರ್ಷ ಕಾಯಬೇಕು, ಎಲ್ಲಾ ಹೇಳಿದರು. ಆದರೆ ಮಗು ಕೈಗೆ ಬಂದ ಮೇಲೆ ಕಾರು, ವಿಮಾನ, ಮತ್ತೆ ಕಾರು ಅಂತ ಎರಡು ದಿನ ಅದನ್ನು ಎತ್ತಿಕೊಂಡು ದಾವಣಗೆರೆ ಮುಟ್ಟುವುದು ಹೇಗೆ ಅಂತ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನಾವು ಮಾಡಿದ ತಪ್ಪುಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲಾ ಅದರ ಮೇಲೇ ನಿಂತಿದೆ. ನಮಗೆ ಅದು ಮಗುವನ್ನು ಮನೆಗೆ ತರುವ ಪ್ರಯಾಣ. ಮಗುವಿಗೆ ಅದು ಮನೆ ಬಿಟ್ಟು ಹೋಗುವ ಪ್ರಯಾಣ. ಗೊತ್ತಿದ್ದ ಮುಖ, ಗೊತ್ತಿದ್ದ ಮಾತು, ಅನ್ನದ ರುಚಿ, ಮಲಗುತ್ತಿದ್ದ ಚಾಪೆ, ಎಲ್ಲಾ ಒಂದೇ ಬೆಳಿಗ್ಗೆ ಹೋಗುತ್ತದೆ. ಟಿಕೆಟ್ಟು, ಹೋಟೆಲ್ಲು, ಬ್ಯಾಗು ಯಾವುದನ್ನು ಗೊತ್ತುಮಾಡುವಾಗಲೂ ಇದು ನೆನಪಿರಲಿ.

ಹೊರಡುವ ಮೊದಲು: ಕಾಗದ

ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ, ಅದರ ಪೋರ್ಟಲ್‌ನಲ್ಲಿ ನಿಮಗೆ ಮಗುವಿನ ವಿವರ ಬಂದರೆ ಒಪ್ಪಿಗೆ ಹೇಳಲು ಇರುವುದು 48 ಗಂಟೆ. ಆ 48 ಗಂಟೆಯಲ್ಲಿ ಒಳ್ಳೆಯ ಮಕ್ಕಳ ಡಾಕ್ಟರಿಗೆ ಮಗುವಿನ ವೈದ್ಯಕೀಯ ವರದಿ ತೋರಿಸಿ. ಆಮೇಲೆ ಆ ಊರಿಗೆ ಹೋಗಿ ಮಗುವನ್ನು ನೋಡಿ, ಮಗು ಇರುವ ದತ್ತು ಕೇಂದ್ರದ ಸಮಿತಿ ಮುಂದೆ ಕೂತು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಅದಾದ ಮೇಲೆ ಹತ್ತು ದಿನದೊಳಗೆ ಮಗುವನ್ನು 'ದತ್ತು ಪೂರ್ವ ಪಾಲನೆ'ಗೆ ನಿಮ್ಮ ಕೈಗೆ ಕೊಡುತ್ತಾರೆ.

ಈ ಹೆಸರೇ ಮುಖ್ಯ. ನೀವು ಮಗುವನ್ನು ಎತ್ತಿಕೊಂಡು ಪ್ರಯಾಣ ಮಾಡುವ ದಿನ ದತ್ತು ಆದೇಶ ಇನ್ನೂ ಆಗಿರುವುದಿಲ್ಲ. ಮೊದಲು ಅದು ಕೋರ್ಟಿನ ಕೆಲಸವಾಗಿತ್ತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ, ಅದಕ್ಕೆ ಇನ್ನೂ ಸಮಯ ಹಿಡಿಯುತ್ತದೆ. ಹಾಗಾಗಿ ದಾರಿಯಲ್ಲಿ ನಿಮ್ಮ ಹತ್ತಿರ ಮಗುವಿನ ಆಧಾರ್ ಇರುವುದಿಲ್ಲ, ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರವೂ ಇರುವುದಿಲ್ಲ. ಇರುವುದು ಆ ದತ್ತು ಕೇಂದ್ರ ಕೊಟ್ಟ ಕಾಗದ ಅಷ್ಟೇ.

ನಾವು ಮಾಡಿದ ಮೊದಲ ತಪ್ಪು ಇಲ್ಲೇ. ಮನೆಯವರೆಲ್ಲಾ ಸೇರಿ ಮಗುವಿಗೆ ಹೆಸರು ಆರಿಸಿಯಾಗಿತ್ತು, ಖುಷಿಯಲ್ಲಿ ನಮ್ಮವರು ವಿಮಾನದ ಟಿಕೆಟ್ಟನ್ನು ಆ ಹೊಸ ಹೆಸರಿನಲ್ಲೇ ಮಾಡಿಸಿಬಿಟ್ಟರು. ಕೇಂದ್ರದ ಕಾಗದದಲ್ಲಿ ಹಳೆಯ ಹೆಸರು. ಕೌಂಟರಿನಲ್ಲಿ ಮುಕ್ಕಾಲು ಗಂಟೆ ವಿವರಿಸಬೇಕಾಯಿತು, ಮಗು ಅಳುತ್ತಿತ್ತು, ಹಿಂದೆ ಸಾಲು ಬೆಳೆಯುತ್ತಿತ್ತು. ಕಾಗದದಲ್ಲಿ ಯಾವ ಹೆಸರಿದೆಯೋ ಅದೇ ಹೆಸರಿನಲ್ಲಿ, ಅದೇ ಸ್ಪೆಲಿಂಗ್‌ನಲ್ಲಿ ಟಿಕೆಟ್ ಮಾಡಿಸಿ. ಹೊಸ ಹೆಸರು ಕಾಯಲಿ.

ಫೈಲಿನಲ್ಲಿ ಇರಬೇಕಾದ್ದು: ಪಾಲನೆಗೆ ಕೊಟ್ಟ ಪತ್ರದ ಮೂಲ ಪ್ರತಿ, ಮಗುವಿನ ಅಧ್ಯಯನ ವರದಿ (ಮಗುವಿನ ಹಿನ್ನೆಲೆ, ಬೆಳವಣಿಗೆ ಬರೆದಿರುವುದು), ವೈದ್ಯಕೀಯ ವರದಿ, ಲಸಿಕೆ ಕಾರ್ಡು, ಮಕ್ಕಳ ಕಲ್ಯಾಣ ಸಮಿತಿಯವರು ಮಗು ದತ್ತುವಿಗೆ ಮುಕ್ತ ಅಂತ ಕೊಟ್ಟ ಆದೇಶದ ಪ್ರತಿ, ನಿಮ್ಮಿಬ್ಬರ ಗುರುತಿನ ಚೀಟಿ. ಇದರ ಜೊತೆ ಕೇಂದ್ರದ ಲೆಟರ್‌ಹೆಡ್‌ನಲ್ಲಿ ಇನ್ನೊಂದು ಪತ್ರ ಕೇಳಿ ಬರೆಸಿಕೊಳ್ಳಿ: ಈ ಮಗು, ಹುಟ್ಟಿದ ತಾರೀಖು ಇದು, ಇಂಥವರ ಜೊತೆ ಇಂಥ ದಿನ ಇಂಥ ಊರಿಗೆ ಹೋಗುತ್ತಿದೆ, ಕೇಳಬೇಕಿದ್ದರೆ ಈ ನಂಬರಿಗೆ ಫೋನ್ ಮಾಡಿ ಅಂತ. ಫೋಟೋ ಅಂಟಿಸಿ ಅದರ ಮೇಲೆ ಸೀಲು ಬೀಳಲಿ. ಎರಡು ಜೆರಾಕ್ಸ್ ಸೆಟ್ ಮಾಡಿಸಿ, ಒಂದು ಗಂಡನ ಬ್ಯಾಗಿನಲ್ಲಿ, ಒಂದು ಹೆಂಡತಿಯ ಬ್ಯಾಗಿನಲ್ಲಿ.

ಈ ಪತ್ರ ಯಾಕೆ ಬೇಕು ಅಂದರೆ, ಸುಮ್ನೆ ಯೋಚಿಸಿ ನೋಡಿ. ಒಡಿಯಾದಲ್ಲಿ ಅಳುವ ಮಗು, ಕನ್ನಡ ಮಾತಾಡುವ ಗಂಡ ಹೆಂಡತಿ. ಮಗು ನಮ್ಮ ಕೈಯಿಂದ ಜಾರಿಕೊಂಡು ಓಡುತ್ತಿದೆ. ನೋಡಿದವರಿಗೆ ಏನನ್ನಿಸುತ್ತದೆ? ನಮ್ಮನ್ನು ಒಬ್ಬ ಪೊಲೀಸಮ್ಮ ನಿಲ್ಲಿಸಿ ಕೇಳಿದರು. ಮೊದಲು ನನಗೆ ಕಣ್ಣಲ್ಲಿ ನೀರೇ ಬಂತು, ಆಮೇಲೆ ಅನ್ನಿಸಿತು, ಕೇಳಲೇಬೇಕು, ಕೇಳದಿದ್ದರೇ ಭಯ. ರೈಲ್ವೆ ಸ್ಟೇಷನ್ನುಗಳಲ್ಲಂತೂ ಮಕ್ಕಳ ಕಳ್ಳಸಾಗಣೆ ತಡೆಯಲು ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್‌ನವರು ಕಣ್ಣಿಟ್ಟೇ ಇರುತ್ತಾರೆ. ಸಿಟ್ಟಾಗಬೇಡಿ, ಪತ್ರ ತೋರಿಸಿ, ಎರಡು ನಿಮಿಷದ ಮಾತು. ಯಾರಾದರೂ ಜಾಸ್ತಿ ಎಳೆದಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಫೋನ್ ಮಾಡಿ ಅಂತ ಅವರಿಗೇ ಹೇಳಬಹುದು.

ಇನ್ನು ನೆಂಟರ ಮಗುವನ್ನೋ ಬೇರೆ ಮಗುವನ್ನೋ ಹೊರದೇಶದಿಂದಲೇ ದತ್ತು ತರುವವರಿಗೆ ದಾರಿ ಬೇರೆ. ಮೊದಲು ಆ ದೇಶದ ಕಾನೂನಿನ ಪ್ರಕಾರ ದತ್ತು ಮುಗಿಯಬೇಕು, ಕಾರಾ ಒಪ್ಪಿಗೆ ಬೇಕು, ಮಗುವಿನ ಹತ್ತಿರ ಆ ದೇಶದ ಪಾಸ್‌ಪೋರ್ಟ್ ಇದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ವೀಸಾ ತೆಗೆಸಬೇಕು. ವೀಸಾ ಕೈಗೆ ಬರುವ ತನಕ ವಾಪಸ್ ಟಿಕೆಟ್ ಖರೀದಿಸಬೇಡಿ. ಕಾಗದ ಬಿಟ್ಟರೆ ಮಿಕ್ಕ ಕಷ್ಟಸುಖ ಅವರಿಗೂ ನಮಗೂ ಒಂದೇ.

ಆ ಊರಿನಲ್ಲಿ ಕನಿಷ್ಠ ಮೂರು ದಿನ

ಬೆಳಿಗ್ಗೆ ಹೋಗಿ ಸಂಜೆ ಮಗುವನ್ನು ಎತ್ತಿಕೊಂಡು ಬರುವ ಪ್ಲಾನ್ ಬೇಡವೇ ಬೇಡ. ನಮ್ಮವರು ಅಡಿಕೆ ಮಂಡಿಯಲ್ಲಿ ಕೆಲಸ ಮಾಡುವುದು, ಸೀಸನ್ ಟೈಮಲ್ಲಿ ರಜೆ ಸಿಗುವುದು ಕಷ್ಟ, ಆದರೂ ಹಟ ಹಿಡಿದು ಐದು ದಿನ ತೆಗೆದುಕೊಂಡೆವು. ಮೂರು ದಿನ ಕೇಂದ್ರಕ್ಕೇ ಹೋಗಿ ಕೂತೆವು. ಮೊದಲ ದಿನ ಅವಳು ನಮ್ಮ ಕಡೆ ನೋಡಲೂ ಇಲ್ಲ. ಎರಡನೇ ದಿನ ನನ್ನ ಬಳೆ ಹಿಡಿದು ಎಳೆದಳು. ಮೂರನೇ ದಿನ ಮಧ್ಯಾಹ್ನದ ಊಟ ನನ್ನ ಕೈಯಿಂದ ನಾಲ್ಕು ತುತ್ತು.

ಆ ಮೂರು ದಿನದಲ್ಲಿ ಆಯಾಗಳ ಹತ್ತಿರ ಕೂತು ಮಾತಾಡಿ. ಮೇಲಿನ ಸಾಹೇಬರಿಗಿಂತ ಮಗು ಗೊತ್ತಿರುವುದು ಅವರಿಗೆ. ಮಗು ಎಷ್ಟು ಗಂಟೆಗೆ ಏಳುತ್ತದೆ, ಯಾವ ಮಗ್ಗುಲಿಗೆ ಮಲಗುತ್ತದೆ, ಹಾಲು ಬಿಸಿ ಬೇಕಾ ಆರಿದ್ದು ಬೇಕಾ, ಯಾವುದಕ್ಕೆ ಹೆದರುತ್ತದೆ, ಅಳು ಬಂದರೆ ಏನು ಮಾಡಿ ಸುಮ್ಮನಾಗಿಸುತ್ತಾರೆ, ಒಂದಕ್ಕೆ ಬಂದರೆ ಹೇಗೆ ಹೇಳುತ್ತದೆ. ಕೊನೆಯದನ್ನು ನಾವು ಕೇಳಲು ಮರೆತೆವು, ಕಾರಿನ ಸೀಟು ಅದನ್ನು ನೆನಪಿಸಿತು.

ಭಾಷೆ. ಇಪ್ಪತ್ತು ಪದ ಕಲಿತರೆ ಸಾಕು, ಆದರೆ ಆ ಇಪ್ಪತ್ತು ಬೇಕೇ ಬೇಕು. ನೀರಿಗೆ ಪಾಣಿ, ಅನ್ನಕ್ಕೆ ಭಾತ, ಹಸಿವಿಗೆ ಭೋಕ, ನಿದ್ದೆಗೆ ನಿದ. ನೋಡಿಕೊಳ್ಳುವ ಆಯಾಗಳನ್ನು ಮಕ್ಕಳು ಮಾಉಸಿ ಅಂತ ಕರೆಯುತ್ತಿದ್ದವು, ಅಂದರೆ ಚಿಕ್ಕಮ್ಮ. ರಾತ್ರಿ ಅವಳು 'ಮಾಉಸಿ' ಅಂತ ಅತ್ತಾಗ ಯಾರನ್ನು ಕೇಳುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಹಾಲು ಕೇಳುತ್ತಿದ್ದಾಳೋ ಏನೋ ಅಂತ ಬಾಟಲಿ ಹಿಡಿದು ಓಡಾಡುತ್ತಿದ್ದೆ. ಒಬ್ಬ ಮಾಉಸಿಯ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದೆವು, ಮಲಗಿಸುವಾಗ ಆಡುವ ಮಾತು ಅದು. ಮೊದಲ ವಾರ ನಮ್ಮನ್ನು ಕಾಪಾಡಿದ್ದು ಅದೇ.

ಊಟವೂ ಹಾಗೆ. ಬೇಳೆ ತರಕಾರಿ ಹಾಕಿ ಮಾಡುವ ಡಾಲ್ಮಾ ಅವಳ ದಿನದ ಊಟ. ಹುಳಿ ಖಾರ ಕಮ್ಮಿ ಮಾಡಿದ ನಮ್ಮ ಬೇಳೆಸಾರಿಗೆ ಹತ್ತಿರದ್ದು. ನೀರಿನಲ್ಲಿ ನೆನೆಸಿದ ಅನ್ನಕ್ಕೆ ಪಖಾಳ ಅನ್ನುತ್ತಾರೆ, ಅದಕ್ಕೆ ಮೊಸರೂ ಕಲಸುತ್ತಾರೆ, ನಮ್ಮ ಕಡೆ ತಂಗಳನ್ನಕ್ಕೆ ಮಜ್ಜಿಗೆ ಹಾಕಿ ತಿನ್ನುವುದಿಲ್ಲವಾ, ಹಾಗೇ. ಇದನ್ನು ಕೇಳಿ ನಮ್ಮ ಅತ್ತೆಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಚಿಕ್ಕ ಕೂಸಾದರೆ ಯಾವ ಕಂಪನಿಯ ಹಾಲಿನ ಪುಡಿ ಅಂತ ಡಬ್ಬಿಯ ಫೋಟೋ ತೆಗೆದುಕೊಳ್ಳಿ, ಅದನ್ನೇ ಎರಡು ಡಬ್ಬಿ ತನ್ನಿ, ದಾರಿಯಲ್ಲಿ ಬದಲಾಯಿಸಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಯಾರು ಎಷ್ಟೇ ಹೇಳಿದರೂ ಜೇನುತುಪ್ಪ ನೆಕ್ಕಿಸಬೇಡಿ.

ಮತ್ತೆ ಬಟ್ಟೆ. ನಾವು ದಾವಣಗೆರೆಯಿಂದ ಹೊಸ ಫ್ರಾಕು, ಶೂ, ತಲೆಗೆ ಹೂವಿನ ಬ್ಯಾಂಡು ಎಲ್ಲಾ ಒಯ್ದಿದ್ದೆವು. ಅವಳು ಶೂ ಹಾಕಿಯೇ ಇರಲಿಲ್ಲ, ಕಾಲಿಗೆ ತೊಡಿಸಿದ ಕೂಡಲೇ ಕಲ್ಲಿನಂತೆ ನಿಂತುಬಿಟ್ಟಳು. ಅವಳದೇ ಹಳೆಯ ಬಟ್ಟೆ, ಹೊದೆಯುವ ಟವೆಲ್ಲು ಕೇಳಿ ತೆಗೆದುಕೊಳ್ಳಿ. ಬದಲಿಗೆ ಕೇಂದ್ರಕ್ಕೆ ಹತ್ತು ಹೊಸ ಟವೆಲ್ ಕೊಡಿ ಬೇಕಾದರೆ. ಆ ಹಳೆಯದನ್ನು ಒಗೆಯಬೇಡಿ! ವಾಸನೆ ಇರುವುದು ಅದರಲ್ಲೇ.

ರೈಲಾ, ವಿಮಾನವಾ?

ಮಗು ಚಿಕ್ಕದಿದ್ದಷ್ಟೂ ಪ್ರಯಾಣದ ಗಂಟೆ ಕಮ್ಮಿಯಾಗಬೇಕು, ಇದು ನನ್ನ ಲೆಕ್ಕ. ಭುವನೇಶ್ವರದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ, ವಿಮಾನದಲ್ಲಿ ಸುಮಾರು ಎರಡು ಗಂಟೆ. ದುಡ್ಡಿನ ಮಾತು ನಿಜ, ಆದರೆ ಈ ಒಂದು ಸಲ ಖರ್ಚು ಮಾಡಿ ಅಂತ ಹೇಳುತ್ತೇನೆ. ಹೋಗುವಾಗ ಬೇಕಾದರೆ ಸ್ಲೀಪರ್‌ನಲ್ಲಿ ಹೋಗಿ.

ವಿಮಾನದಲ್ಲಿ ಎರಡು ವರ್ಷದೊಳಗಿನ ಕೂಸು ತೊಡೆಯ ಮೇಲೆ ಕೂರಬಹುದು, ವಯಸ್ಸಿನ ದಾಖಲೆ ಕೇಳುತ್ತಾರೆ. ಎರಡು ದಾಟಿದರೆ ಬೇರೆ ಸೀಟು ಕೊಳ್ಳಬೇಕು. ವಿಮಾನ ಏರುವಾಗ ಇಳಿಯುವಾಗ ಕಿವಿ ನೋವು ಬರುತ್ತದೆ, ನುಂಗುತ್ತಿದ್ದರೆ ಅದು ಕಮ್ಮಿ. ಇಳಿಯಲು ಶುರುವಾಗುವುದು ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ, ಆಗ ಮಗು ಮಲಗಿದ್ದರೂ ಎಬ್ಬಿಸಿ ನೀರೋ ಹಾಲೋ ಕುಡಿಸಿ. ನಿದ್ದೆ ಮಾಡುತ್ತಿದೆ ಪಾಪ ಅಂತ ಬಿಟ್ಟೆವು, ಆಮೇಲೆ ಇಡೀ ವಿಮಾನಕ್ಕೆ ಅವಳ ಧ್ವನಿಯ ಪರಿಚಯವಾಯಿತು.

ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಆದರೂ ಪೂರ್ತಿ ದುಡ್ಡು ಕೊಟ್ಟು ಮೂರು ಬರ್ತ್ ತೆಗೆದುಕೊಳ್ಳಿ, ಒಂದಾದರೂ ಕೆಳಗಿನದಿರಲಿ. ಬಾಗಿಲ ಕಡೆ ಒಬ್ಬರು, ಕಿಟಕಿ ಕಡೆ ಒಬ್ಬರು, ನಡುವೆ ಮಗು. ರಾತ್ರಿ ಇಬ್ಬರೂ ಒಟ್ಟಿಗೆ ನಿದ್ದೆ ಹೋಗಬೇಡಿ.

ಮಗು ಸುಮ್ಮನಿರಲಿ ಅಂತ ಕೆಮ್ಮಿನ ಸಿರಪ್ಪೋ ನೆಗಡಿ ಔಷಧವೋ ಕುಡಿಸಿ ಮಲಗಿಸಿ ಅಂತ ಹೇಳುವ ಪುಣ್ಯಾತ್ಮರು ಸಿಗುತ್ತಾರೆ. ಬೇಡ. ಆ ಮಗುವಿನ ಮೈ ಯಾವುದಕ್ಕೆ ಹೇಗೆ ತಿರುಗುತ್ತದೆ ಅಂತ ನಿಮಗೆ ಗೊತ್ತೇ ಇಲ್ಲವಲ್ಲ. ಬ್ಯಾಗಿನಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್, ಥರ್ಮಾಮೀಟರ್ ಸಾಕು. ಪ್ಯಾರಾಸಿಟಮಾಲ್ ಮಗುವಿನ ತೂಕ ನೋಡಿ ಎಷ್ಟು ಎಂಎಲ್ ಅಂತ ಡಾಕ್ಟರ್ ಹತ್ತಿರ ಬಾಟಲಿಯ ಮೇಲೇ ಬರೆಸಿಕೊಳ್ಳಿ, ಯಾಕೆಂದರೆ ಒಂದೊಂದು ಬಾಟಲಿಯ ಪವರ್ ಒಂದೊಂದು ಥರ. ಓಆರ್‌ಎಸ್ ದೊಡ್ಡ ಪ್ಯಾಕೆಟ್ಟಾದರೆ ಇಡೀ ಪ್ಯಾಕೆಟ್ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಮ್ಮೆಲೇ ಹಾಕಬೇಕು, ಲೋಟಕ್ಕೆ ಚೂರು ಚೂರು ಉದುರಿಸುವುದಲ್ಲ.

ದಾರಿಯಲ್ಲಿ ಮಗು ಹೇಗಿರುತ್ತದೆ

ಎರಡು ಥರ ನೋಡಿದ್ದೇನೆ, ನಮ್ಮದೊಂದು, ಚಿತ್ರದುರ್ಗದ ಗೆಳತಿಯ ಮನೆಯದೊಂದು.

ನಮ್ಮವಳು ಕಿರುಚುವ ಜಾತಿ. ಅದರಲ್ಲೂ ಅಪ್ಪನನ್ನು ಕಂಡರೆ. ಕೇಂದ್ರದಲ್ಲಿ ಇದ್ದವರೆಲ್ಲಾ ಹೆಂಗಸರು, ಗಡ್ಡದ ಗಂಡಸೊಬ್ಬ ಹತ್ತಿರ ಬಂದು ಎತ್ತಿಕೊಳ್ಳುವುದು ಅವಳಿಗೆ ಹೊಸದು. ನಮ್ಮವರು ಹೋಟೆಲಿನಲ್ಲೇ ಗಡ್ಡ ತೆಗೆದರು, ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಏನು ಗೊತ್ತಾ, ಬಿಸ್ಕೆಟ್ ಯಾವಾಗಲೂ ಅಪ್ಪನ ಜೇಬಿನಿಂದಲೇ ಬರುವಂತೆ ಮಾಡಿದ್ದು. ಮಾತಾಡಿಸುವುದಿಲ್ಲ, ಎತ್ತುವುದಿಲ್ಲ, ಪಕ್ಕದಲ್ಲಿ ಬೇರೆ ಕಡೆ ನೋಡುತ್ತಾ ಕೂತು ಬಿಸ್ಕೆಟ್ ಇರುವ ಕೈ ಚಾಚುವುದು. ಬೆಂಗಳೂರು ಮುಟ್ಟುವಷ್ಟರಲ್ಲಿ ಜೇಬಿಗೆ ಕೈ ಹಾಕುತ್ತಿದ್ದಳು.

ಗೆಳತಿಯ ಮಗ ಅಳಲೇ ಇಲ್ಲ. ಹಸಿದರೂ ಇಲ್ಲ, ಬಿದ್ದರೂ ಇಲ್ಲ. ಎಲ್ಲರೂ 'ಎಷ್ಟು ಒಳ್ಳೆ ಮಗು' ಅಂದರು. ಆಮೇಲೆ ಡಾಕ್ಟರ್ ಹೇಳಿದ್ದು, ತುಂಬಾ ಮಕ್ಕಳಿರುವ ಕಡೆ ಅತ್ತರೂ ಯಾರೂ ಬರದಿದ್ದರೆ ಮಗು ಅಳುವುದನ್ನೇ ಬಿಡುತ್ತದೆ ಅಂತ. ಅಂಥ ಮಗುವಿಗೆ ಗಡಿಯಾರ ನೋಡಿ ಊಟ ನೀರು ಕೊಡಬೇಕು, ಅದು ಕೇಳುವುದಿಲ್ಲ. ಎರಡು ತಿಂಗಳಾದ ಮೇಲೆ ಅವನು ಮೊದಲ ಸಲ ಹಟ ಮಾಡಿ ಅತ್ತಾಗ ಗೆಳತಿ ನನಗೆ ಫೋನ್ ಮಾಡಿ ಖುಷಿಯಿಂದ ಹೇಳಿದಳು.

ಕೆಲವು ಮಕ್ಕಳು ಅನ್ನವನ್ನು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತವೆ, ರೊಟ್ಟಿ ತುಂಡನ್ನು ದಿಂಬಿನಡಿ ಬಚ್ಚಿಡುತ್ತವೆ. ಕಿತ್ತುಕೊಳ್ಳಬೇಡಿ. ಕೈಗೆ ಸಿಗುವಂತೆ ಒಂದು ಡಬ್ಬಿಯಲ್ಲಿ ತಿಂಡಿ ಇಟ್ಟುಬಿಡಿ, ಯಾವಾಗ ಬೇಕಾದರೂ ಸಿಗುತ್ತದೆ ಅಂತ ಗೊತ್ತಾಗಲಿ. ತಲೆ ಆಡಿಸುತ್ತಾ ಮಲಗುವುದು, ಶವರ್ ನೀರಿಗೆ ಹೆದರುವುದು, ಕಂಡ ಕಂಡವರ ಹತ್ತಿರ ಹೋಗಿಬಿಡುವುದು, ಇವೂ ಇರುತ್ತವೆ. ಹೋಟೆಲಿನಲ್ಲಿ ಬಕೆಟ್ಟಿನಲ್ಲಿ ನೀರು ಹಿಡಿದು ಚೊಂಬಿನಲ್ಲಿ ಸ್ನಾನ ಮಾಡಿಸಿ, ಬೆಚ್ಚಗಿನ ನೀರು ಸಿಗದಿದ್ದರೆ ಒಂದು ದಿನ ಸ್ನಾನ ಬಿಟ್ಟರೂ ಏನೂ ಆಗುವುದಿಲ್ಲ. ರಾತ್ರಿ ಲೈಟು ಹಾಕಿರಲಿ.

ಬೆಂಗಳೂರಿನಿಂದ ದಾವಣಗೆರೆಗೆ

ಸಂಜೆ ವಿಮಾನವಿದ್ದರೆ ಏರ್‌ಪೋರ್ಟ್ ಹತ್ತಿರವೇ ಉಳಿಯಿರಿ, ಬೆಳಿಗ್ಗೆ ಹೊರಡಿ. ರೈಲಿಗೆ ಅಂತ ಊರೊಳಗೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಈ ಒಂದು ದಿನಕ್ಕೆ ಬೇಡ. ಪರಿಚಯದ ಡ್ರೈವರ್ ಇರುವ ಕಾರು ಮಾಡಿಕೊಳ್ಳಿ. ಏರ್‌ಪೋರ್ಟಿನಿಂದ ದೊಡ್ಡಬಳ್ಳಾಪುರದ ಮೇಲೆ ಡಾಬಸ್‌ಪೇಟೆಗೆ ಬಂದು ಹೈವೇ ಸೇರಿದರೆ ಬೆಂಗಳೂರನ್ನು ಮುಟ್ಟುವುದೇ ಬೇಡ. ಆಮೇಲೆ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ನಮ್ಮೂರು. ನೇರ ಹೋದರೆ ಐದು ಗಂಟೆ, ನೀವು ಏಳು ಅಂತ ಇಟ್ಟುಕೊಳ್ಳಿ.

ಈ ಮಕ್ಕಳಲ್ಲಿ ಎಷ್ಟೋ ಮಕ್ಕಳಿಗೆ ಕಾರಿನ ಅಭ್ಯಾಸವೇ ಇರುವುದಿಲ್ಲ. ವಾಂತಿ ಗ್ಯಾರಂಟಿ. ಹಳೆಯ ಪಂಚೆ ಎರಡು, ಪ್ಲಾಸ್ಟಿಕ್ ಕವರು, ಒದ್ದೆ ಬಟ್ಟೆ, ಬದಲಿ ಬಟ್ಟೆ ಮಗುವಿಗೂ ನಿಮಗೂ. ಹಾಲು ಕುಡಿಸಿ ಕೂಡಲೇ ಹೊರಡಬೇಡಿ, ಒಣ ಬಿಸ್ಕೆಟ್ಟೋ ಇಡ್ಲಿಯೋ ಸ್ವಲ್ಪ ಸಾಕು. ಗಂಟೆಗೊಮ್ಮೆ ನಿಲ್ಲಿಸಿ, ಹೈವೇ ಪಕ್ಕ ಬೇಡ, ಹೋಟೆಲಿನ ಅಂಗಳದಲ್ಲಿ. ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಸಿ.

ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಕಾಣುತ್ತವಲ್ಲ, ಅಲ್ಲಿ ಅವಳು ಮೊದಲ ಸಲ ತಾನಾಗಿ ಕೈ ತೋರಿಸಿ ಏನೋ ಹೇಳಿದಳು. ನಮಗೆ ಅರ್ಥವಾಗಲಿಲ್ಲ. ಡ್ರೈವರ್ ಕಾರು ನಿಧಾನ ಮಾಡಿದ, ಪಾಪ.

ಮನೆ ಬಾಗಿಲಲ್ಲಿ

ಇಲ್ಲಿ ನೀವು ಕಟುವಾಗಬೇಕು. ನಮ್ಮ ಕಡೆ ಮಗು ಬರುತ್ತದೆ ಅಂದರೆ ಇಡೀ ಓಣಿ ಬಂದು ನಿಲ್ಲುತ್ತದೆ. ಹೊರಡುವ ಮೊದಲೇ ಅತ್ತೆಗೆ ಹೇಳಿದ್ದೆ, ಹದಿನೈದು ದಿನ ಯಾರೂ ಬೇಡ ಅಂತ. 'ಏನವ್ವಾ, ಕದ್ದು ತಂದಂಗ ಮಾಡ್ತೀಯಲ್ಲ' ಅಂದರು. ಸಿಟ್ಟೂ ಮಾಡಿದರು. ಕೊನೆಗೆ ಒಪ್ಪಂದ ಆದದ್ದು ಹೀಗೆ: ಬಾಗಿಲಲ್ಲಿ ಅತ್ತೆ ಒಬ್ಬರೇ ಆರತಿ ಮಾಡುವುದು, ದುಗ್ಗಮ್ಮನ ಗುಡಿಗೆ ತಿಂಗಳು ಕಳೆದ ಮೇಲೆ ಹೋಗುವುದು, ತೊಟ್ಟಿಲ ಶಾಸ್ತ್ರ, ಹೆಸರಿಡುವುದು ಎಲ್ಲಾ ಮೂರು ತಿಂಗಳ ನಂತರ. ಆರತಿಯ ದೀಪಕ್ಕೇ ಅವಳು ಹೆದರಿ ನನ್ನ ಕುತ್ತಿಗೆ ಹಿಡಿದುಕೊಂಡಳು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನ್ನನ್ನು ಹಿಡಿದುಕೊಂಡದ್ದು.

ಹದಿನೈದು ದಿನ ಊಟ, ಸ್ನಾನ, ಮಲಗಿಸುವುದು ಅಪ್ಪ ಅಮ್ಮ ಇಬ್ಬರೇ ಮಾಡಿ. ಎಲ್ಲರ ಕೈಗೂ ಹೋಗುವ ಮಗುವಾದರೆ ಇದು ಇನ್ನೂ ಜಾಸ್ತಿ ಬೇಕು, ಯಾರು ತನ್ನವರು ಅಂತ ಅದಕ್ಕೆ ಗೊತ್ತಾಗಬೇಕಲ್ಲ. ಬೆಣ್ಣೆದೋಸೆ, ಮಿರ್ಚಿ ಮಂಡಕ್ಕಿ ಎಲ್ಲಿಗೂ ಓಡಿಹೋಗುವುದಿಲ್ಲ, ಅದೇ ಡಾಲ್ಮಾ ಅನ್ನ ಮುಂದುವರಿಯಲಿ, ಹೊಸ ರುಚಿ ವಾರಕ್ಕೊಂದು. ನೀರು ಕುದಿಸಿಯೇ ಕೊಡಿ.

ಸ್ಟೇಟಸ್‌ಗೆ ಫೋಟೋ ಹಾಕುವುದು ಬೇಡ. ದತ್ತು ಆದೇಶ ಆಗುವ ತನಕವಂತೂ ಬೇಡವೇ ಬೇಡ. ರಕ್ಷಣೆ ಬೇಕಾದ ಮಗುವಿನ ಗುರುತು ಮಾಧ್ಯಮದಲ್ಲಿ ಬಹಿರಂಗ ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ತಡೆಯುತ್ತದೆ, ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಇದೆ. ಇದನ್ನು ಹೇಳಿದ ಮೇಲೆ ನಮ್ಮ ನಾದಿನಿ ಫೋನ್ ಒಳಗಿಟ್ಟಳು.

ಆಮೇಲಿನ ಕೆಲಸ

ವಾರದೊಳಗೆ ಮಕ್ಕಳ ಡಾಕ್ಟರಿಗೆ ತೋರಿಸಿ. ದಾವಣಗೆರೆಯಲ್ಲಿ ಬಾಪೂಜಿ ಮಕ್ಕಳ ಆಸ್ಪತ್ರೆ ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ನಂಬಿಕೆಯ ಖಾಸಗಿ ಡಾಕ್ಟರ್ ಇದ್ದರೆ ಅದೂ ಸರಿ. ಹಳೆಯ ವರದಿ ಇದ್ದರೂ ರಕ್ತ ಪರೀಕ್ಷೆ, ಕಣ್ಣು, ಕಿವಿ ಇನ್ನೊಮ್ಮೆ ನೋಡಲಿ. ಲಸಿಕೆ ಎಲ್ಲಿಗೆ ನಿಂತಿದೆ ನೋಡಿ ಮುಂದುವರಿಸುತ್ತಾರೆ. ತಲೆಯಲ್ಲಿ ಹೇನು, ಬೆರಳ ಸಂದಿಯಲ್ಲಿ ಕಜ್ಜಿ ಇದ್ದರೆ ಗಾಬರಿ ಬೇಡ, ಮಕ್ಕಳು ಒಟ್ಟಿಗೆ ಮಲಗುವ ಕಡೆ ಅದು ಇದ್ದದ್ದೇ. ಕಜ್ಜಿಯಾದರೆ ಮನೆಯವರೆಲ್ಲಾ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಟವೆಲ್ ಒಗೆಯಬೇಡಿ ಅಂದೆನಲ್ಲ, ಕಜ್ಜಿ ಇದ್ದರೆ ಮಾತ್ರ ಬಿಸಿನೀರಿನಲ್ಲಿ ಒಗೆಯಲೇಬೇಕು, ವಿಧಿಯಿಲ್ಲ.

ದತ್ತು ಅರ್ಜಿಯನ್ನು ಮಗು ಇದ್ದ ಕೇಂದ್ರದವರೇ ಅಲ್ಲಿನ ಜಿಲ್ಲಾಧಿಕಾರಿಗೆ ಹಾಕುತ್ತಾರೆ. ಅರ್ಜಿ ಹಾಕಿದ ಎರಡು ತಿಂಗಳಲ್ಲಿ ಮುಗಿಯಬೇಕು ಅಂತ ಕಾನೂನು ಹೇಳುತ್ತದೆ. ವಿಚಾರಣೆಗೆ ನೀವು ಮತ್ತೆ ಹೋಗಬೇಕಾ, ವಿಡಿಯೋದಲ್ಲಿ ಆಗುತ್ತದಾ ಅಂತ ಹೊರಡುವ ದಿನವೇ ಕೇಳಿಟ್ಟುಕೊಳ್ಳಿ. ಮತ್ತೆ ಹೋಗಬೇಕೆಂದರೆ ಮಗುವಿನ ಜೊತೆಗಿನ ಎರಡನೇ ಪ್ರಯಾಣ ಅದು, 'ವಾಪಸ್ ಬಿಡಲು ಹೊರಟರು' ಅಂತ ಮಗು ಹೆದರಬಹುದು. ಮನೆಯ ಒಂದು ದಿಂಬು ಜೊತೆಗಿರಲಿ. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ನೋಡಲು ಬರುತ್ತಾರೆ, ಅವರನ್ನು ತನಿಖೆಯವರ ಥರ ನೋಡಬೇಡಿ, ನಿದ್ದೆ ಊಟದ ತೊಂದರೆ ಇದ್ದರೆ ಅವರಿಗೇ ಹೇಳಿ.

ಆದೇಶ ಬಂದ ಮೇಲೆ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ, ಅದರಿಂದ ಆಧಾರ್, ರೇಷನ್ ಕಾರ್ಡು. ಹೊಸ ಹೆಸರು ಈಗ ಬರುತ್ತದೆ. ಪ್ರಮಾಣಪತ್ರ ಕೈಗೆ ಕೊಟ್ಟ ಕೂಡಲೇ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ. ನಮ್ಮದರಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು, ಮನೆಗೆ ಬಂದು ನೋಡಿದೆವು, ತಿದ್ದಿಸಲು ಮತ್ತೆರಡು ಸಲ ಓಡಾಡಿದ್ದಾಯಿತು.